ಯಾರಿಗೆ ‘ಏನು’, ಯಾರಿಗೆ ‘ಯಾಕೆ’: ನನ್ನ ತರಗತಿಯ ಒಂದು ಲೆಕ್ಕ

ಶಿಕ್ಷಕರಾಗಲು ಬರುವವರಿಗೆ ಶಿಕ್ಷಣದ ಸಮಾಜಶಾಸ್ತ್ರ ಪಾಠ ಮಾಡುವುದು ನನ್ನ ಕೆಲಸ. ಮಾರ್ಕ್ಸ್‌ವಾದದ ಅಧ್ಯಾಯ ಬಂದಾಗ ಮೊದಲೆಲ್ಲ ಬೋರ್ಡ್ ತುಂಬ ಬರೆದು ವಿವರಿಸುತ್ತಿದ್ದೆ. ಅವರು ಬರೆದುಕೊಂಡು ಪರೀಕ್ಷೆಯಲ್ಲಿ ಅದನ್ನೇ ವಾಪಸ್ ಕೊಡುತ್ತಿದ್ದರು. ಬ್ರೆಜಿಲ್‌ನ ಶಿಕ್ಷಣ ಚಿಂತಕ ಪೌಲೊ ಫ್ರೇರೆ ‘ಬ್ಯಾಂಕಿಂಗ್ ಶಿಕ್ಷಣ’ ಎಂದು ಕರೆದದ್ದು ಇದನ್ನೇ ಅಲ್ವಾ? ಇದು ನನ್ನನ್ನು ತುಂಬಾ ಕಾಡಿತು.

ಒಂದು ವರ್ಷ ಕ್ರಮ ಬದಲಿಸಿದೆ. ನೀವು ಓದಿದ ಶಾಲೆಯ ಒಂದು ದಿನವನ್ನು ಬರೆಯಿರಿ ಎಂದೆ. ಗಂಟೆ, ಸಾಲು, ಹೊರಗೆ ಹೋಗಲು ಅನುಮತಿ, ಅಂಕಕ್ಕಾಗಿ ಓದು. ಇಂಥ ದಿನ ಇನ್ನೆಲ್ಲಿ ಕಾಣುತ್ತದೆ ಎಂದು ಕೇಳಿದರೆ, ‘ಕಾರ್ಖಾನೆಯಲ್ಲಿ’ ಎಂದು ಅವರೇ ಹೇಳಿದರು. ಆಗ ಮಾರ್ಕ್ಸ್‌ವಾದಿ ಅರ್ಥಶಾಸ್ತ್ರಜ್ಞರಾದ ಬೌಲ್ಸ್ ಮತ್ತು ಗಿಂಟಿಸ್ ಅವರನ್ನು ಓದಿದೆವು. ಶಾಲೆಯೊಳಗಿನ ಸಂಬಂಧಗಳು ದುಡಿಯುವ ಜಾಗದ ಸಂಬಂಧಗಳನ್ನೇ ಹೋಲುತ್ತವೆ ಎಂದು ಅವರು 1976ರಲ್ಲಿ ಅಮೆರಿಕದ ಶಾಲೆಗಳ ಬಗ್ಗೆ ಬರೆದರು. ಅಂಕ ಅಲ್ಲಿ ಕೂಲಿಯ ಹಾಗೆ.

ಒಬ್ಬಳು ಕೇಳಿದಳು: “ಸರ್, ಹಾಗಾದ್ರೆ ಮ್ಯಾನೇಜರ್ ಆಗೋರು ಎಲ್ಲಿ ತಯಾರಾಗ್ತಾರೆ?”

ಉತ್ತರಕ್ಕೆ ಅಮೆರಿಕದ ಶಿಕ್ಷಣ ಸಂಶೋಧಕಿ ಜೀನ್ ಆನ್ಯನ್ ಅವರ 1980ರ ಅಧ್ಯಯನ ಓದಿಸಿದೆ. ನ್ಯೂಜೆರ್ಸಿಯ 5 ಶಾಲೆಗಳ ಐದನೇ ತರಗತಿಗಳನ್ನು ಅವರು ನೋಡಿದ್ದರು. ಕಾರ್ಮಿಕರ ಮಕ್ಕಳ ಶಾಲೆಯಲ್ಲಿ ಕೆಲಸ ಎಂದರೆ ಹೇಳಿದ ಹೆಜ್ಜೆಗಳನ್ನು ಹಾಗೇ ಪಾಲಿಸುವುದು. ತೀರಾ ಸಿರಿವಂತರ ಮಕ್ಕಳ ಶಾಲೆಯಲ್ಲಿ ಯೋಚಿಸುವುದು, ಕಾರಣ ಕೊಡುವುದು.

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಏನು ಮಾಡುತ್ತಿದ್ದೇನೆ? ಮಾರನೇ ದಿನದಿಂದ ಒಂದು ತಿಂಗಳು, ನಾನು ಯಾರಿಗೆ ‘ಏನು’ ಎಂದು ಕೇಳಿದೆ, ಯಾರಿಗೆ ‘ಯಾಕೆ’ ಎಂದು ಕೇಳಿದೆ ಅಂತ ತರಗತಿ ಮುಗಿದ ಕೂಡಲೇ ಪುಸ್ತಕದಲ್ಲಿ ಗುರುತು ಹಾಕಿದೆ. ‘ಯಾಕೆ’ಗಳು ಜಾಸ್ತಿ ಹೋಗಿದ್ದು ಮುಂದಿನ ಎರಡು ಸಾಲಿಗೆ, ಸಲೀಸಾಗಿ ಮಾತಾಡುವವರಿಗೆ. ಹಿಂದೆ ಕೂತವರಿಗೆ ವ್ಯಾಖ್ಯೆ ಒಪ್ಪಿಸುವ ಕೆಲಸ. ಅವರಿಗೆ ಮುಜುಗರ ಆಗಬಾರದೆಂದು ಸುಲಭದ್ದನ್ನು ಕೇಳುತ್ತಿದ್ದೆ. ಅದನ್ನು ಕಾಳಜಿ ಎಂದುಕೊಂಡಿದ್ದೆ. ಶಿಕ್ಷಣ ಕೊಡುವವನಿಗೂ ಶಿಕ್ಷಣ ಬೇಕು ಎಂದು ಮಾರ್ಕ್ಸ್ 1845ರಲ್ಲೇ ಬರೆದಿದ್ದ. ಆ ಸಾಲನ್ನು ಎಷ್ಟೋ ಸಲ ಪಾಠ ಮಾಡಿದ್ದೆ. ನನಗೆ ತಾಗಿದ್ದು ಆಗ.

ಹಿಂದಿನ ಬೆಂಚಿಗೆ ‘ಯಾಕೆ’ ಕೇಳಲು ಶುರು ಮಾಡಿದೆ. ಉತ್ತರ ಬರಲಿಲ್ಲ. “ಸುಮ್ನೆ ಬಿಡಿ ಸರ್” ಅಂದ ಒಬ್ಬ. ಇಲ್ಲಿ ಬೌಲ್ಸ್, ಗಿಂಟಿಸ್ ನೆರವಿಗೆ ಬರುವುದಿಲ್ಲ. ಅವರ ಲೆಕ್ಕದಲ್ಲಿ ವಿದ್ಯಾರ್ಥಿ ಬರೀ ಅಚ್ಚಿಗೆ ಬೀಳುವವನು. ಬ್ರಿಟಿಷ್ ಸಂಶೋಧಕ ಪಾಲ್ ವಿಲ್ಲಿಸ್ 1977ರಲ್ಲಿ ಯಾರ ಬಗ್ಗೆ ಬರೆದರೋ, ಇಂಗ್ಲೆಂಡಿನ ಕಾರ್ಮಿಕರ ಮನೆಗಳ ಆ 12 ಹುಡುಗರು ಹಾಗಲ್ಲ, ಶಾಲೆಯನ್ನು ತಾವೇ ಬೇಡ ಎಂದವರು. ಹಿಂದಿನ ಬೆಂಚಿನ ಮೌನ ದಡ್ಡತನ ಅಲ್ಲ, ಅದೂ ಒಂದು ಉತ್ತರ ಎಂದು ನನಗೆ ಅನ್ನಿಸಿದ್ದು ಆ ಹುಡುಗರ ಬಗ್ಗೆ ಓದಿದ್ದರಿಂದ. ಆಮೇಲೆ ಪ್ರಶ್ನೆ ಕೇಳಿ, ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಲು ಬಿಟ್ಟೆ. ಮಾತು ನಿಧಾನವಾಗಿ ಬಂತು.

ಒಂದು ದಿನ ‘ಸುಮ್ನೆ ಬಿಡಿ’ ಅಂದಿದ್ದ ಹುಡುಗನೇ ಕೇಳಿದ: “ಈ ಲೆಕ್ಕ ನೀವೇ ಯಾಕೆ ಇಡ್ಬೇಕು ಸರ್? ನಾವು ಇಡ್ತೀವಿ.”

ಪುಸ್ತಕ ಅವನ ಕೈಗೆ ಕೊಟ್ಟೆ.