ಕಾರ್ಡಿನ ಮೇಲೆ ಟ್ಯಾಟಿಂಗ್ ಲೇಸ್: ಅಂಟಿನ ಕಲೆ ತಪ್ಪಿದ್ದು ಹೀಗೆ

ಶುಭಾಶಯ ಕಾರ್ಡಿಗೆ ಟ್ಯಾಟಿಂಗ್ ಲೇಸ್ (ಶಟಲ್ ಎಂಬ ಪುಟ್ಟ ಸಾಧನದಿಂದ ದಾರಕ್ಕೆ ಗಂಟು ಹಾಕುತ್ತಾ ಹೆಣೆದದ್ದು) ಅಂಟಿಸಿದರೆ ದಾರದ ಮೇಲೆ ಹೊಳೆಯುವ ಕಲೆ ಬೀಳುತ್ತಿತ್ತು, ಕಾರ್ಡೂ ಬಾಗುತ್ತಿತ್ತು. ಎರಡಕ್ಕೂ ಕಾರಣ ಬಿಳಿ ಅಂಟಿನಲ್ಲಿರುವ ನೀರು. ಹತ್ತಿ ದಾರ ಅಂಟನ್ನು ದೀಪದ ಬತ್ತಿಯ ಹಾಗೆ ಮೇಲಕ್ಕೆಳೆಯುತ್ತದೆ. ಕಾಗದ ಒಂದೇ ಬದಿ ನೆನೆದು ಹಿಗ್ಗಿ, ಒಣಗುವಾಗ ಕುಗ್ಗುತ್ತದೆ.

ಪರಿಹಾರ: ಅಂಟಿಸಬೇಡಿ, ಹೊಲಿಯಿರಿ.

ಮೊದಲು ಲೇಸಿಗೆ ಗಂಜಿ ಹಾಕಬೇಕು. ಒಂದು ಕಪ್ ತಣ್ಣೀರಿಗೆ ಒಂದು ಚಮಚ ಕಾರ್ನ್‌ಫ್ಲೋರ್ ಕಲಸಿ, ತಿಳಿಯಾಗುವವರೆಗೆ ಕುದಿಸಿ ಆರಿಸಿ. ಲೇಸನ್ನು ಅದ್ದಿ, ಬಟ್ಟೆಯಲ್ಲಿ ಒತ್ತಿ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಥರ್ಮಕೋಲ್ ಮೇಲೆ ಹರಡಿ. ಒಂದೊಂದು ಪಿಕೋವನ್ನೂ (ಲೇಸಿನಿಂದ ಹೊರಚಾಚುವ ದಾರದ ಪುಟ್ಟ ಕುಣಿಕೆ) ಎಳೆದು ತುಕ್ಕು ಹಿಡಿಯದ ಪಿನ್ ಚುಚ್ಚಿ, ರಾತ್ರಿಯಿಡೀ ಬಿಡಿ. ಬೇಸರದ ಕೆಲಸವೇ, ಆದರೆ ಟ್ಯಾಟಿಂಗಿನ ಚೆಲುವೆಲ್ಲ ಪಿಕೋಗಳಲ್ಲಿದೆ. ಅವು ಮುದುರಿದರೆ ಅಷ್ಟು ಹೊತ್ತು ಶಟಲ್ ಆಡಿಸಿದ್ದೂ ಕಾಣುವುದಿಲ್ಲ.

ಕಾರ್ಡು 250ರಿಂದ 300 ಜಿಎಸ್‌ಎಂ (ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಇರಲಿ. ತೆಳುವಾದರೆ ತೂತು ಹರಿಯುತ್ತದೆ. ಲೇಸಿನ ಎರಡು ರಿಂಗ್ (ಗಂಟುಗಳಿಂದಾದ ಉಂಗುರ) ಕೂಡುವ ಜಾಗದ ಆಚೀಚೆ, 2 ಮಿ.ಮೀ. ಅಂತರದಲ್ಲಿ, ಸೂಜಿಯಿಂದ ಮೊದಲೇ ತೂತು ಮಾಡಿ. ಒಂದೇ ತೂತು ಮಾಡಿದರೆ ಲೇಸು ಅದರೊಳಗೆ ಕುಸಿಯುತ್ತದೆ. ಲೇಸಿನ ಬಣ್ಣದ್ದೇ ಒಂಟಿ ಎಳೆ ಹೊಲಿಗೆ ದಾರದಿಂದ ಒಂದೊಂದು ಅಡ್ಡಹೊಲಿಗೆ ಹಾಕಿ. ಪಿಕೋಗಳನ್ನು ಹೊಲಿಯಬೇಡಿ, ಬಿಡಿಯಾಗಿರಲಿ. ಹಿಂದೆ ಗಂಟು ಹಾಕಿದರೆ ಮುಂದೆ ಉಬ್ಬು ಕಾಣುತ್ತದೆ. ದಾರದ ತುದಿಗಳನ್ನು ಟೇಪಿನಿಂದ ಒತ್ತಿ, ಮೇಲೆ ಇನ್ನೊಂದು ಕಾಗದವನ್ನು ಡಬಲ್ ಟೇಪಿನಲ್ಲಿ ಕೂರಿಸಿ.

ಸಣ್ಣ ಟ್ಯಾಗಿಗೆ ಅಂಟೇ ಬೇಕಾದರೆ ಹಲ್ಲುಕಡ್ಡಿಯ ತುದಿಯಷ್ಟು ಸಾಕು, ರಿಂಗಿನ ಬುಡಕ್ಕೆ ಮಾತ್ರ.