ಬೆನ್ನು ಪಕ್ಕಕ್ಕೆ ಬಾಗಿದೆಯಾ? ಆಪರೇಷನ್ ಇಲ್ಲದೆ ನೋವು ಇಳಿಸುವುದು ಹೇಗೆ

ನನ್ನ ಅಕ್ಕ ಬಳ್ಳಾರಿಯ ಜೀನ್ಸ್ ಯೂನಿಟ್ ಒಂದರಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ. ಅವಳ ಸೀರೆಯ ಅಂಚು ಯಾವಾಗಲೂ ಎಡಗಡೆ ನೆಲ ಒರೆಸುತ್ತಿತ್ತು, ಬಲಗಡೆ ಮೇಲೇರುತ್ತಿತ್ತು. ಸೀರೆ ಉಡೋಕೂ ಬರಲ್ವಾ ಎಂದು ನಾವೇ ಬೈಯುತ್ತಿದ್ದೆವು. 52ನೇ ವಯಸ್ಸಿಗೆ ನಡುನೋವು ತಡೆಯಲಾರದೆ ಎಕ್ಸ್‌ರೇ ತೆಗೆಸಿದಳು. ಬೆನ್ನುಮೂಳೆ ಪಕ್ಕಕ್ಕೆ ಬಾಗಿ, ಸ್ವಲ್ಪ ತಿರುಚಿಕೊಂಡಿತ್ತು. ಇದೇ ಸ್ಕೋಲಿಯೋಸಿಸ್.

ಕೆಲವರಿಗೆ ಹರೆಯದಲ್ಲಿ ಶುರುವಾಗಿದ್ದು ಹಾಗೇ ಉಳಿದಿರುತ್ತದೆ. ಇನ್ನು ಕೆಲವರಿಗೆ 50ರ ಆಸುಪಾಸಿನಲ್ಲಿ ಡಿಸ್ಕ್, ಕೀಲು ಸವೆದು ಹೊಸದಾಗಿ ಬರುತ್ತದೆ. ದೊಡ್ಡವರ ಬಾಗಿದ ಬೆನ್ನನ್ನು ಬೆಲ್ಟ್, ಎಣ್ಣೆ, ಮಾಲೀಶು ಯಾವುದೂ ನೆಟ್ಟಗೆ ಮಾಡುವುದಿಲ್ಲ. ಒಬ್ಬರು ಜಗ್ಗಿ ಸರಿಮಾಡುತ್ತೇನೆಂದು ಅಕ್ಕನನ್ನು ನಾಲ್ಕು ದಿನ ಹಾಸಿಗೆ ಹಿಡಿಸಿದರು. ಆದರೆ ನೋವು ಇಳಿಸಬಹುದು, ಬೆನ್ನಿಗೆ ಬಲ ತರಬಹುದು. ಬಹಳ ಜನ ಇಷ್ಟರಲ್ಲೇ ಆರಾಮಾಗಿ ಓಡಾಡಿಕೊಂಡಿದ್ದಾರೆ.

ಮೊದಲು ಅಳತೆ. ಇಡೀ ಬೆನ್ನಿನ ಎಕ್ಸ್‌ರೇ ನಿಂತೇ ತೆಗೆಸಬೇಕು. ಮಲಗಿದರೆ ಬಾಗು ಕಡಿಮೆ ಕಾಣುತ್ತದೆ. ಬಾಗನ್ನು ಕಾಬ್ ಕೋನದಲ್ಲಿ, ಅಂದರೆ ಬಾಗಿನ ಮೇಲ್ತುದಿಯ ಮತ್ತು ಕೆಳತುದಿಯ ಮೂಳೆಗಳ ನಡುವಿನ ಓರೆಯನ್ನು ಎಕ್ಸ್‌ರೇ ಮೇಲೆ ಡಿಗ್ರಿಯಲ್ಲಿ, ಅಳೆಯುತ್ತಾರೆ. 10 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸ್ಕೋಲಿಯೋಸಿಸ್. 50 ಡಿಗ್ರಿ ದಾಟಿದ್ದು ವಯಸ್ಸಾದಂತೆ ಇನ್ನೂ ಬಾಗಬಹುದು. ಮುಟ್ಟು ನಿಂತವರು ಮೂಳೆ ಗಟ್ಟಿ ಇದೆಯಾ ಎಂದೂ ಪರೀಕ್ಷೆ ಮಾಡಿಸಿ. ನಮ್ಮ ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದೂ ಬೆನ್ನನ್ನು ಬಿಗಿಮಾಡುತ್ತದೆ. ಯಾವ ನೀರು ಕುಡಿಯುತ್ತೀರಿ ಎಂದು ಡಾಕ್ಟರಿಗೆ ತಿಳಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಆಮೇಲೆ ವ್ಯಾಯಾಮ. ಚಿಕಿತ್ಸೆಯ ಜೀವಾಳ ಇದೇ. ಶುರುವಿಗೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ಕಲಿಯಿರಿ. ಎಲ್ಲರ ಬಾಗೂ ಒಂದೇ ಕಡೆ ಇರಲ್ಲ, ಅಲ್ವಾ? ಜರ್ಮನಿಯ ಕ್ಯಾಥರಿನಾ ಶ್ರೋತ್ ರೂಪಿಸಿದ ಪದ್ಧತಿಯಲ್ಲಿ ಕುಸಿದಿರುವ ಪಕ್ಕೆಗೆ ಉಸಿರು ತುಂಬುವುದನ್ನು ಕಲಿಸುತ್ತಾರೆ. ಆ ಪಕ್ಕೆಯ ಮೇಲೆ ಅಂಗೈ ಇಟ್ಟು, ಉಸಿರಿನಿಂದಲೇ ಕೈಯನ್ನು ಹೊರಗೆ ತಳ್ಳಬೇಕು.

ಅಕ್ಕ ಮನೆಯಲ್ಲಿ ಮಾಡುವುದು ಹೀಗೆ. ಜಮಖಾನದ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚುತ್ತಾಳೆ. ಹೊಟ್ಟೆ ಬಿಗಿಹಿಡಿದು ಸೊಂಟ ಎತ್ತಿ, 5 ಎಣಿಸಿ ಇಳಿಸುತ್ತಾಳೆ. ಹೀಗೆ 10 ಸಲ. ನಂತರ ಅಂಗೈ, ಮೊಣಕಾಲು ಊರಿ ಬಲಗೈ, ಎಡಗಾಲು ಒಟ್ಟಿಗೆ ಚಾಚುತ್ತಾಳೆ. ಆಮೇಲೆ ಎಡಗೈ, ಬಲಗಾಲು. ಉಸಿರು ಕಟ್ಟಬಾರದು. ನೋವು ಕಾಲಿಗೆ ಇಳಿದರೆ ಅಲ್ಲಿಗೇ ನಿಲ್ಲಿಸಿ. ಬಿಸಿಲೇರುವ ಮುಂಚೆ ಅರ್ಧ ಗಂಟೆ ನಡಿಗೆ ಇರಲಿ. ಮೊದಲ ವಾರ ಏನೂ ಗೊತ್ತಾಗುವುದಿಲ್ಲ. ಎರಡು ತಿಂಗಳಾದರೂ ಬಿಡದೆ ಮಾಡಿ.

ಕೆಲಸ ಬಿಡಬೇಕಿಲ್ಲ, ಮಾಡುವ ರೀತಿ ಬದಲಿಸಿ. ಮಿಷನ್ ಮುಂದಿನಿಂದ ಅರ್ಧ ಗಂಟೆಗೊಮ್ಮೆ ಏಳಿ. ನೆಲದ ಮೇಲೆ ಬಗ್ಗಿ ರೊಟ್ಟಿ ಬಡಿಯುವ ಬದಲು ಕಟ್ಟೆಯ ಮೇಲೆ ಬಡಿಯಿರಿ. ಒಂದೇ ನಡುವಿನ ಮೇಲೆ ದೊಡ್ಡ ಕೊಡ ಬೇಡ, ಎರಡೂ ಕೈಗೆ ಸಣ್ಣ ಬಿಂದಿಗೆ ಸಾಕು.

ನೋವಿನ ಮಾತ್ರೆಯನ್ನು ಡಾಕ್ಟರ್ ಹೇಳಿದಷ್ಟೇ ತಗೊಳ್ಳಿ. ಬಿಪಿ, ಕಿಡ್ನಿ ತೊಂದರೆ ಇದ್ದವರು ಅಂಗಡಿಯಿಂದ ಸುಮ್ನೆ ಕೊಂಡು ನುಂಗಬೇಡಿ. ನರ ಒತ್ತಿ ಕಾಲು ಸೆಳೆಯುತ್ತಿದ್ದರೆ ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಅದರಿಂದ ಕೆಲವು ವಾರ ಅಥವಾ ತಿಂಗಳು ಆರಾಮ ಸಿಗಬಹುದು. ಬೆಲ್ಟ್ ಕೆಲಸದ ಹೊತ್ತಿಗೆ ಮಾತ್ರ ಸಾಕು. ದಿನವಿಡೀ ಕಟ್ಟಿದರೆ ಸ್ನಾಯು ಸೋಲುತ್ತದೆ.

ಕಾಲಲ್ಲಿ ಶಕ್ತಿ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹೋಗುವಾಗ ಹಳೆಯ ಎಕ್ಸ್‌ರೇ ಫಿಲ್ಮ್ ಜೊತೆಗಿರಲಿ. ಬಾಗು ಎಷ್ಟು ಜಾಸ್ತಿಯಾಗಿದೆ ಎಂದು ಡಾಕ್ಟರಿಗೆ ಗೊತ್ತಾಗುವುದು ಅದನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ.