ಬಾಯಿಂದ 'ರೀ' ಬಿದ್ದುಹೋಗುವ ಹೊತ್ತು

ಬೆಳಿಗ್ಗೆ 6 ಗಂಟೆಗೆ ಆ ಅಜ್ಜಿಗೆ ಲ್ಯಾಸಿಕ್ಸ್ ಇಂಜೆಕ್ಷನ್ ಕೊಟ್ಟವಳು ನಾನೇ. ಕಾಲು ಊದಿಕೊಂಡಿದ್ದವು, ಮೈಯಲ್ಲಿ ತುಂಬಿದ್ದ ನೀರು ಇಳಿಯಬೇಕಿತ್ತು. ನರಕ್ಕೆ ಕೊಟ್ಟರೆ ಈ ಔಷಧಿ ಐದೇ ನಿಮಿಷಕ್ಕೆ ಕೆಲಸ ಶುರು ಮಾಡುತ್ತದೆ. ಅಜ್ಜಿ 'ಸಿಸ್ಟರಮ್ಮಾ' ಅಂತ ಕರೆದರು. ನಾನು ನಾಲ್ಕು ಬೆಡ್ಡಿನ ಆಚೆ ರಕ್ತ ತೆಗೆಯುತ್ತಿದ್ದೆ. ಮತ್ತೆ ಕರೆದರು. ಐದನೇ ಸಲಕ್ಕೆ ನಾನು ನಿಂತಲ್ಲಿಂದಲೇ, 'ಎಷ್ಟು ಸಲ ಕೂಗ್ತೀಯಾ? ಸುಮ್ನೆ ಮಲ್ಕೋ' ಅಂದೆ.

ಹತ್ತಿರ ಹೋಗುವಷ್ಟರಲ್ಲಿ ಹಾಸಿಗೆ ಒದ್ದೆಯಾಗಿತ್ತು. ಸೊಸೆ ಟೀ ತರಲು ಹೋಗಿದ್ದಳು. ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದ್ದರು. ಮೂತ್ರ ಹೋಗಲಿ ಅಂತ ಔಷಧಿ ಕೊಟ್ಟವಳೇ, ಮೂತ್ರಕ್ಕೆ ಕರೆದರೆ ಬೈದಿದ್ದೆ.

ನಾನು ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನ ನರ್ಸ್. ಕಾಗದದಲ್ಲಿ ಶುಶ್ರೂಷಾಧಿಕಾರಿ, ವಾರ್ಡಿನಲ್ಲಿ ಆ ಹೆಸರಿನಿಂದ ಯಾರೂ ಕರೆದಿದ್ದು ನೆನಪಿಲ್ಲ. ಸಾಮಾನ್ಯ ವಾರ್ಡಿನಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್, ಕಲಿಸುವ ಆಸ್ಪತ್ರೆಯಾದರೆ 3ಕ್ಕೆ ಒಬ್ಬರು ಇರಬೇಕು ಅನ್ನುತ್ತದೆ ಭಾರತೀಯ ನರ್ಸಿಂಗ್ ಪರಿಷತ್ತು. ಆ ರಾತ್ರಿ ನಮ್ಮಲ್ಲಿ 34 ರೋಗಿಗಳಿಗೆ ನಾನೊಬ್ಬಳೇ ಇದ್ದೆ. ಆಯಾ ಎರಡು ವಾರ್ಡಿಗೆ ಒಬ್ಬಳು. ರಾತ್ರಿ 8ರಿಂದ ಬೆಳಿಗ್ಗೆ 8ರ ತನಕ ಡ್ಯೂಟಿ.

ಮಾರನೇ ದಿನ ನೆನಪಿಗೆ ಬಂದಿದ್ದು ಬೈದ ಮಾತಲ್ಲ, 'ಕೂಗ್ತೀಯಾ' ಅಂದಿದ್ದು. ಡ್ಯೂಟಿಗೆ ಬಂದಾಗ ಅದೇ ಅಜ್ಜಿಗೆ 'ಊಟ ಆಯ್ತೇನ್ರೀ' ಅಂದಿದ್ದೆ. ಹತ್ತು ಗಂಟೆಯೊಳಗೆ ಆ 'ರೀ' ಎಲ್ಲಿ ಬಿದ್ದುಹೋಯಿತು?

ಅದಕ್ಕೇ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡೆ. ಯಾರಿಗಾದರೂ ಏಕವಚನದಲ್ಲಿ ಗದರಿದರೆ ಒಂದು ಗೀಟು, ಪಕ್ಕದಲ್ಲಿ ಗಂಟೆ, ಆಗ ಕೈಯಲ್ಲಿ ಏನು ಕೆಲಸವಿತ್ತು ಅನ್ನೋದು. ಒಂದು ತಿಂಗಳು ಬರೆದೆ. ಬರೆಯಲು ನಾಚಿಕೆ ಆಗುತ್ತಿತ್ತು, ಸುಳ್ಳು ಹೇಳಲ್ಲ. ಕೆಟ್ಟ ರೋಗಿ, ಜಗಳಗಂಟ ಸಂಬಂಧಿಕರು ಇದ್ದ ದಿನ ಗೀಟು ಜಾಸ್ತಿ ಇರುತ್ತದೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ನೈಟ್ ಡ್ಯೂಟಿಯ ಗೀಟುಗಳೆಲ್ಲ ಹೆಚ್ಚುಕಡಿಮೆ ಬೆಳಿಗ್ಗೆ ಐದೂವರೆಯಿಂದ ಏಳೂವರೆಯೊಳಗೆ ಬಿದ್ದಿದ್ದವು. ಇನ್ಸುಲಿನ್, ಬಿಪಿ, ರಕ್ತ ತೆಗೆಯೋದು, ಬೆಳಗಿನ ಇಂಜೆಕ್ಷನ್, ರಿಪೋರ್ಟ್ ಬರೆಯೋದು ಎಲ್ಲವೂ ಆ ಎರಡು ಗಂಟೆಯಲ್ಲೇ. ಎಂಟಕ್ಕೆ ರೌಂಡ್ಸಿಗೆ ಬರುವ ಡಾಕ್ಟರು ಕೇಸ್ ಶೀಟ್ ನೋಡಿ ನನಗೆ ಗದರುತ್ತಾರೆ, ನಾನು ಆಯಾಗೆ, ಆಯಾ ರೋಗಿಯ ಕಡೆಯವರಿಗೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ನಮ್ಮಲ್ಲಿ ಕೊತ್ತಿ ಬೆಡ್ ಮೇಲೆ ಮಲಗಿರುತ್ತದೆ.

ಹೊಸ ನರ್ಸ್ ಕೊಡಿಸುವುದು ನನ್ನ ಕೈಯಲ್ಲಿಲ್ಲ. ಆ ಎರಡು ಗಂಟೆಯನ್ನು ಸ್ವಲ್ಪ ಖಾಲಿ ಮಾಡಬಹುದು ಅನ್ನಿಸಿತು. ಲ್ಯಾಬಿಗೆ ಹೋಗಿ, ಎಲ್ಲ ಸ್ಯಾಂಪಲ್ ಏಳಕ್ಕೇ ಯಾಕೆ ಬೇಕು ಅಂತ ಕೇಳಿದೆ. 'ನಾನು ಯಾವತ್ತೂ ಏಳಕ್ಕೇ ಬೇಕು ಅಂದಿಲ್ಲ ಸಿಸ್ಟರ್, ಮೊದಲಿಂದ ಹಾಗೇ ಬರ್ತಿದೆ' ಅಂದ ಟೆಕ್ನಿಷಿಯನ್. ನಗಬೇಕೋ ಅಳಬೇಕೋ! ಖಾಲಿ ಹೊಟ್ಟೆಯ ಶುಗರ್ ಟೆಸ್ಟ್ ಮಾತ್ರ ಬೆಳಿಗ್ಗೆ ಉಳಿಯಿತು, ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಹತ್ತು ಗಂಟೆಗೆ ಹೋದವು. ಬೆಳಗಿನ ಶಿಫ್ಟಿನ ಸಿಸ್ಟರ್ 'ನಿಮ್ಮ ಹೊರೆ ನಮ್ಮ ತಲೆಗೆ ಕಟ್ತಿದೀರಾ' ಅಂತ ಮೂರು ದಿನ ಮಾತು ಬಿಟ್ಟರು. ಆದರೆ ಆ ಹೊತ್ತಿಗೆ ಅವರು ಮೂವರಿರುತ್ತಾರೆ. ಮುಂದಿನ ವಾರ ಅವರಿಗೂ ನೈಟ್ ಬಂತು, ಮಾತು ಶುರುವಾಯಿತು.

ಲ್ಯಾಸಿಕ್ಸ್ ವಿಷಯ ಡಾಕ್ಟರ ಹತ್ತಿರ ಮಾತಾಡಿದೆ. ಉಸಿರಾಟದ ತೊಂದರೆ ಇರುವವರನ್ನು ಬಿಟ್ಟು, ಉಳಿದವರಿಗೆ ಎಂಟು ಗಂಟೆಗೆ ಅಂತ ಕೇಸ್ ಶೀಟಿನಲ್ಲಿ ಬರೆದರು. ಬೆಡ್‌ಪ್ಯಾನ್ ಮಂಚದ ಕೆಳಗೆ ಇಟ್ಟ ಮೇಲೇ ಸಿರಿಂಜ್ ಕೈಗೆತ್ತಿಕೊಳ್ಳುತ್ತೇನೆ.

ಇನ್ನೊಂದು ಗ್ಲೂಕೋಸ್ ಬಾಟಲಿಯದು. ಖಾಲಿಯಾದರೆ ಗಾಳಿ ಒಳಗೆ ಹೋಗಿ ಜೀವ ಹೋಗುತ್ತದೆ ಅಂತ ಎಲ್ಲರಿಗೂ ಭಯ. ಅರ್ಧ ಬಾಟಲಿ ಇರುವಾಗಲೇ ಮೂರು ಸಲ ಓಡಿಬರುತ್ತಾರೆ. ಈಗ ಬಾಟಲಿಗೆ ಉದ್ದಕ್ಕೆ ಪ್ಲಾಸ್ಟರ್ ಅಂಟಿಸಿ, ಇಲ್ಲಿಗೆ ಬಂದಾಗ 12, ಇಲ್ಲಿಗೆ 2, ಇಲ್ಲಿಗೆ 4 ಅಂತ ಪೆನ್ನಿನಲ್ಲಿ ಗುರುತು ಹಾಕುತ್ತೇನೆ. 500 ಎಂಎಲ್ ಎಂಟು ಗಂಟೆಯಲ್ಲಿ ಹೋಗಬೇಕಾದರೆ, 20 ಹನಿಗೆ ಒಂದು ಎಂಎಲ್ ಆಗುವ ಡ್ರಿಪ್ ಸೆಟ್ಟಿನಲ್ಲಿ (ಬಾಟಲಿಗೆ ಸಿಕ್ಕಿಸುವ ನಳಿಕೆ) ನಿಮಿಷಕ್ಕೆ ಸುಮಾರು 21 ಹನಿ. ಕೆಳಗಿನ ಗೀಟಿಗೆ ಬಂದಾಗ ಕರೀರಿ ಅಂದರೆ ಸಾಕು, ನಿದ್ದೆಗೆಟ್ಟ ಮಗ ಗಡಿಯಾರ ನೋಡಿಕೊಂಡು ಕೂರುತ್ತಾನೆ.

ಬೆಳಗಿನ ಗೀಟುಗಳು ಈಗ ವಾರಕ್ಕೆ ಒಂದೋ ಎರಡೋ. ಆಯಾ ರಜೆ ಹಾಕಿದ ದಿನ ಮತ್ತೆ ಏರುತ್ತವೆ. ಮಧ್ಯಾಹ್ನದ ಶಿಫ್ಟಿನಲ್ಲಿ, ಸಂಜೆ 4ರಿಂದ 6ರ ಭೇಟಿಯ ಹೊತ್ತಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಒಂದು ಬೆಡ್ಡಿಗೆ ಎಂಟು ಜನ ಬರುತ್ತಾರೆ, ಎಂಟೂ ಜನ 'ಯಾವಾಗ ಮನೆಗೆ ಕಳಿಸ್ತೀರಿ' ಅಂತ ಬೇರೆಬೇರೆಯಾಗಿ ಕೇಳುತ್ತಾರೆ. ಆರನೆಯವರಿಗೆ ಹೇಳುವಷ್ಟರಲ್ಲಿ 'ರೀ' ಹೋಗಿರುತ್ತದೆ.